ಹಳೇ ತಾಳಮದ್ದಳೆ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸೋದು ಹೇಗೆ

ಕರಾವಳಿ ಅಥವಾ ಮಲೆನಾಡಿನ ಮನೆಯಾದರೆ ಅಟ್ಟದಲ್ಲೋ ಕಪಾಟಿನ ತಳದಲ್ಲೋ ಒಂದು ಡಬ್ಬಿ ಕ್ಯಾಸೆಟ್ ಇದ್ದೇ ಇರುತ್ತದೆ. ಅದರಲ್ಲಿ ಅರ್ಧಕ್ಕರ್ಧ ಯಕ್ಷಗಾನ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ). ಮನೆಯ ಯಾರೋ ಮಾವನೋ ದೊಡ್ಡಪ್ಪನೋ ಟೂ ಇನ್ ಒನ್ (ರೇಡಿಯೋ-ಟೇಪ್ ರೆಕಾರ್ಡರ್) ಹೊತ್ತುಕೊಂಡು ಹೋಗಿ, ಸ್ಪೀಕರ್ ಹತ್ತಿರ ಜಾಗ ಹಿಡಿದು, ನಿದ್ದೆಗೆಟ್ಟು ರೆಕಾರ್ಡ್ ಮಾಡಿದ್ದು. ಇದನ್ನೆಲ್ಲ ಒಂದು ದಿನ ಕಂಪ್ಯೂಟರಿಗೆ ಹಾಕಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಒಂದು ದಿನ ಬಂದವರಿಗೆ ಈ ಬರಹ.

ನಾನು ಹಗಲು ಸಾಫ್ಟ್‌ವೇರ್ ಕೆಲಸ ಮಾಡುವವನು, ಸಂಜೆ ಇದು. ನಮ್ಮಂಥ ಟೆಕ್ ಹುಚ್ಚಿನವರ ಹವ್ಯಾಸ ಸಾಮಾನ್ಯವಾಗಿ ಶುರುವಾಗುವುದು ಶಾಪಿಂಗಿನಿಂದ. ಯಾವ ಸೌಂಡ್ ಕಾರ್ಡ್ ಒಳ್ಳೇದು, ಯಾವ ಪ್ಲಗಿನ್ ಬೇಕು, 192 ಕಿಲೋಹರ್ಟ್ಜ್ ಇದ್ದರೆ ಇನ್ನೂ ಚೆನ್ನಾಗಿರುತ್ತಾ ಅಂತ ರಿವ್ಯೂ ನೋಡುತ್ತಾ ತಿಂಗಳು ಕಳೆಯುತ್ತೇವೆ, ಆಮೇಲೆ ಸಾಮಾನು ಬರುತ್ತದೆ, ಬಾಕ್ಸ್ ಬಿಚ್ಚುತ್ತೇವೆ, ಒಂದು ಕ್ಯಾಸೆಟ್ ಹಾಕಿ ನೋಡುತ್ತೇವೆ, ಡಬ್ಬಿ ವಾಪಸ್ ಅಟ್ಟಕ್ಕೆ. ಈ ಕೆಲಸದಲ್ಲಿ ಆ ಕ್ರಮವನ್ನೇ ತಿರುಗಿಸಬೇಕು. ಸದ್ದು ಕಂಪ್ಯೂಟರಿಗೆ ಮುಟ್ಟುವ ಮೊದಲೇ ಅದು ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದು ಬಹುಪಾಲು ತೀರ್ಮಾನ ಆಗಿಬಿಟ್ಟಿರುತ್ತದೆ. ತೀರ್ಮಾನ ಮಾಡುವುದು ಪ್ಲೇಯರಿನೊಳಗೆ ಟೇಪಿಗೆ ತಾಗಿ ಸದ್ದು ಓದುವ ಹೆಡ್ಡಿನ ಮೇಲಿನ ಕೊಳೆ, ಒಂದು ಪುಟ್ಟ ಸ್ಕ್ರೂ, ಮತ್ತೆ ನಿಮ್ಮ ಕಿವಿ. ಹಾಗಾಗಿ ಇಲ್ಲಿ ಪ್ಲೇಯರ್ ಬಗ್ಗೆ ಜಾಸ್ತಿ, ಸಾಫ್ಟ್‌ವೇರ್ ಬಗ್ಗೆ ಕಡಿಮೆ.

ಸ್ವಲ್ಪ ಅವಸರವೂ ಇದೆ. ಭಾಗವತರಾಗಿದ್ದ, ಅಂದರೆ ಯಕ್ಷಗಾನದ ಪದ್ಯ ಹಾಡುತ್ತಿದ್ದ, ಗುಂಡ್ಮಿ ಕಾಳಿಂಗ ನಾವಡರು ತೀರಿಕೊಂಡಿದ್ದು 1990ರಲ್ಲಿ. ಅರ್ಥಧಾರಿ (ಪಾತ್ರವಾಗಿ ಮಾತಾಡುವವರು) ಶೇಣಿ ಗೋಪಾಲಕೃಷ್ಣ ಭಟ್ಟರು 2006ರವರೆಗೆ ಇದ್ದರು, ಆದರೆ ಅವರು ತಾಳಮದ್ದಳೆಯ ಭರ್ತಿ ಕೂಟಗಳಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದ ಕಾಲ ಅಂದರೆ ಅದು ಟೇಪಿನ ಕಾಲವೇ. ತಾಳಮದ್ದಳೆಯಲ್ಲಿ ಮಾತಿಗೆ ಮೊದಲೇ ಬರೆದಿಟ್ಟ ಪಾಠ ಇಲ್ಲ. ಪದ್ಯ ಪುಸ್ತಕದಲ್ಲಿ ಸಿಗುತ್ತದೆ, ಅರ್ಥ ಸಿಗುವುದಿಲ್ಲ. ಆ ರಾತ್ರಿ ಆ ಕೃಷ್ಣ ಆ ಕೌರವನಿಗೆ ಏನು ಹೇಳಿದ ಅನ್ನುವುದಕ್ಕೆ ನಿಮ್ಮ ಡಬ್ಬಿಯ ಕ್ಯಾಸೆಟ್ ಒಂದೇ ಸಾಕ್ಷಿ ಇರಬಹುದು. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಕ್ಯಾಸೆಟ್ಟಿಗೆ ಬೇರೆ ಪ್ರತಿ ಎಲ್ಲಾದರೂ ಇರುತ್ತದೆ. ಮನೆಯವರು ರೆಕಾರ್ಡ್ ಮಾಡಿದ್ದಕ್ಕೆ ಇಲ್ಲ. ಕೆಲಸ ಶುರು ಮಾಡುವಾಗ ಕೈಬರಹದ ಲೇಬಲ್ ಇರುವುದನ್ನು ಮೊದಲು ಎತ್ತಿಕೊಳ್ಳಿ.

ಪ್ಲೇಯರ್

ಆನ್‌ಲೈನಿನಲ್ಲಿ ವಾಕ್‌ಮನ್ ತರಹದ್ದು ಒಂದು ಸಿಗುತ್ತದೆ, ನೇರ ಯುಎಸ್‌ಬಿ ವೈರು, ಕ್ಯಾಸೆಟ್ ಹಾಕಿದರೆ ಎಂಪಿ3 ಬರುತ್ತದೆ ಅಂತ. ಬೇಡ. ಅದರೊಳಗಿನ ಯಂತ್ರ ತೀರಾ ಹಗುರ, ವೇಗ ನಿಲ್ಲುವುದಿಲ್ಲ. ಭಾಗವತರು ಎಳೆದು ಹಾಡುವ ಜಾಗದಲ್ಲಿ ಸ್ವರ ಅಲುಗಾಡುವುದು ಕೇಳಿಸುತ್ತದೆ. ಆ ಅಲುಗಾಟವನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿಮಾಡುವುದು ಹೆಚ್ಚುಕಡಿಮೆ ಆಗದ ಕೆಲಸ.

ಬೇಕಾದ್ದು ಒಂದು ಹಳೇ ಕ್ಯಾಸೆಟ್ ಡೆಕ್. ಹಿಂದುಗಡೆ ಲೈನ್ ಔಟ್ ಅಂತ ಕೆಂಪು-ಬಿಳಿ ಸಾಕೆಟ್ ಇರುವಂಥದ್ದು. ನೆಂಟರ ಮನೆಯ ಮ್ಯೂಸಿಕ್ ಸಿಸ್ಟಮ್ಮಿನ ಭಾಗವಾಗಿ ಇರಬಹುದು, ಹಳೇ ಸಾಮಾನಿನ ಅಂಗಡಿಯಲ್ಲಿ ಸಿಗಬಹುದು. ಡೆಕ್ ಸಿಗಲೇ ಇಲ್ಲ ಅಂದರೆ ಮನೆಯ ಟೂ ಇನ್ ಒನ್ನೇ ಆಗುತ್ತದೆ, ಹೆಡ್‌ಫೋನ್ ಸಾಕೆಟ್ ಇದ್ದರೆ ಸಾಕು. ಒಂದು ಲಾಭವೂ ಇದೆ: ರೆಕಾರ್ಡ್ ಮಾಡಿದ್ದೂ ಅದರಲ್ಲೇ ಆಗಿದ್ದರೆ ಹೆಡ್ಡಿನ ಕೋನ ತಾನಾಗೇ ಹೊಂದುವ ಸಾಧ್ಯತೆ ಇದೆ. ಅದರ ವಿಷಯ ಮುಂದೆ ಬರುತ್ತದೆ.

ಇಪ್ಪತ್ತು-ಮೂವತ್ತು ವರ್ಷ ಸುಮ್ನೆ ಕೂತಿದ್ದ ಪ್ಲೇಯರಿನಲ್ಲಿ ಮೊದಲು ಸಾಯುವುದು ರಬ್ಬರ್ ಬೆಲ್ಟ್. ಸಡಿಲ ಆಗಿರುತ್ತದೆ, ಇಲ್ಲವೇ ಕರಗಿ ಟಾರಿನ ಹಾಗೆ ಅಂಟಿಕೊಂಡಿರುತ್ತದೆ. ಮೋಟರ್ ತಿರುಗುವ ಸದ್ದು ಬರುತ್ತದೆ, ಕ್ಯಾಸೆಟ್ ತಿರುಗುವುದಿಲ್ಲ ಅಂದರೆ ಇದೇ ಕಾರಣ ಅಂತ ತಿಳಿಯಿರಿ. ಹಳೇ ಬೆಲ್ಟನ್ನು ತೆಗೆದು, ಅಳತೆಗೆ ಕೈಯಲ್ಲಿ ಹಿಡಿದುಕೊಂಡು ಹೋಗಿ. ಬೆಂಗಳೂರಿನವರು ಎಸ್‌ಪಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬಹುದು, ಬೇರೆ ಊರಿನವರು ಹಳೇ ರೇಡಿಯೋ-ಟಿವಿ ರಿಪೇರಿಯವರನ್ನು ಹುಡುಕಿ. ಅಂಥವರು ಇನ್ನೂ ಇದ್ದಾರೆ. ಅವರ ಹತ್ತಿರ ಕೂತು ನೋಡಿದರೆ ಯಾವ ವಿಡಿಯೋದಲ್ಲೂ ಸಿಗದ ಪಾಠ ಸಿಗುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ, ಸೌಂಡ್ ಕಾರ್ಡಿಗಲ್ಲ.

ಆಮೇಲೆ ಕ್ಲೀನಿಂಗ್. ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಚಿಕ್ಕ ಬಾಟಲಿ, ಕಿವಿಗೆ ಹಾಕುವ ಹತ್ತಿ ಕಡ್ಡಿ ಒಂದಷ್ಟು. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಅದರಲ್ಲಿ ನೀರು ಮತ್ತು ಇನ್ನೇನೇನೋ ಸೇರಿರುತ್ತದೆ. ಹೆಡ್ಡನ್ನೂ, ಪಕ್ಕದಲ್ಲಿ ತಿರುಗುವ ತೆಳ್ಳನೆಯ ಲೋಹದ ಕಂಬಿಯನ್ನೂ ಒರೆಸಿ. ಮೊದಲ ಕಡ್ಡಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಡ್ಡಿ ಬೆಳ್ಳಗೆ ಉಳಿಯುವವರೆಗೂ ಬದಲಿಸುತ್ತಾ ಒರೆಸಿ. ರಬ್ಬರ್ ರೋಲರಿಗೆ ಆಲ್ಕೋಹಾಲ್ ಜಾಸ್ತಿ ತಾಗಿದರೆ ಒಣಗಿ ಬಿರುಕು ಬಿಡುತ್ತದೆ, ಅದಕ್ಕೆ ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಹಳೇ ಟೇಪು ಪುಡಿ ಉದುರಿಸುವುದರಿಂದ ಇದನ್ನು ಪ್ರತಿ ಕ್ಯಾಸೆಟ್ ಆದಮೇಲೂ ಮಾಡಬೇಕು. ಬೇಜಾರಿನ ಕೆಲಸ, ಆದರೆ ಎರಡೇ ನಿಮಿಷದ್ದು.

ಕ್ಯಾಸೆಟ್ ಕೈಗೆ ತಗೊಂಡ ಮೇಲೆ

ಪ್ಲೇ ಒತ್ತುವ ಮೊದಲು, ದಯವಿಟ್ಟು, ಮೇಲಿನ ಅಂಚಿನ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಿರಿ. ಅದು ಇದ್ದರೆ ಅಪ್ಪಿತಪ್ಪಿ ರೆಕಾರ್ಡ್ ಬಟನ್ ಒತ್ತಿದಾಗ ಹಳೆಯದು ಅಳಿಸಿಹೋಗುತ್ತದೆ. ಮೊದಲೇ ಮುರಿದಿದ್ದ ಜಾಗದ ಮೇಲೆ ಯಾರೋ ಸೆಲ್ಲೋಟೇಪ್ ಅಂಟಿಸಿದ್ದರೆ ಅದನ್ನೂ ಕೀಳಿ.

ಕಿಟಕಿಯಿಂದ ಒಳಗೆ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಎಳೆ, ಬಿಳಿ ಪುಡಿ ಕಂಡರೆ ಬೂಷ್ಟು. ನಮ್ಮ ಮಳೆಗಾಲದಲ್ಲಿ ಅದು ಮಾಮೂಲು. ಅಂಥದ್ದನ್ನು ಬೇರೆ ಕವರಿನಲ್ಲಿ ಕಟ್ಟಿ ಪಕ್ಕಕ್ಕಿಡಿ, ಒಳ್ಳೆಯ ಡೆಕ್ಕಿಗೆ ಹಾಕಬೇಡಿ. ಒಂದರ ಬೂಷ್ಟು ಹೆಡ್ಡಿನ ಮೂಲಕ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹತ್ತುತ್ತದೆ. ಅವನ್ನು ಕೊನೆಗೆ, ಬೇಸಿಗೆಯಲ್ಲಿ, ಹೊರಗೆ ಗಾಳಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಒಣ ಮೆತ್ತನೆಯ ಬಟ್ಟೆಯ ಮಧ್ಯೆ ಟೇಪನ್ನು ನಿಧಾನಕ್ಕೆ ಎಳೆದು ಒರೆಸಿ, ಕೆಟ್ಟರೂ ಪರವಾಗಿಲ್ಲ ಅನ್ನುವ ಪ್ಲೇಯರಿನಲ್ಲಿ ಆಡಿಸಿ.

ಟೇಪಿನ ಹಿಂದೆ ಒಂದು ಪುಟ್ಟ ಮೆತ್ತೆ ಇರುತ್ತದೆ, ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯಲು. ಅಂಟು ಒಣಗಿ ಅದು ಬಿದ್ದುಹೋಗಿರುತ್ತದೆ, ಆಗ ಸದ್ದು ಗೂಡಿನೊಳಗಿಂದ ಬಂದ ಹಾಗಿರುತ್ತದೆ. ಐದು ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಎರಡೂ ಸುರುಳಿಯನ್ನು ಎತ್ತಿ ಬೇರೆ ಒಳ್ಳೆ ಕವಚಕ್ಕೆ ಕೂರಿಸಿಬಿಡಿ. ಯಾರಿಗೂ ಬೇಡದ ಸಿನಿಮಾ ಹಾಡಿನ ಕ್ಯಾಸೆಟ್ ಒಂದೆರಡನ್ನು ಇದಕ್ಕೆ ಅಂತಲೇ ಇಟ್ಟುಕೊಂಡಿರಿ. ಬಿಚ್ಚುವಾಗ ಕ್ಯಾಸೆಟ್ ಮೇಜಿನ ಮೇಲೆ ಮಲಗಿರಲಿ, ಕೈಯಲ್ಲಿ ಎತ್ತಬೇಡಿ. ಯಾಕೆ ಅಂದರೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪು ಇರುತ್ತದೆ. ಅದು ಕೋಣೆ ತುಂಬ ಹರಡಿದಾಗ ಮನೆಯವರು ಹೇಳುವ ಮಾತು ಯಾವ ಅರ್ಥಧಾರಿಗೂ ಕಡಿಮೆ ಇರುವುದಿಲ್ಲ. ಕವಚ ಅಂಟಿಸಿದ್ದಾಗಿದ್ದು ಸ್ಕ್ರೂ ಇಲ್ಲದಿದ್ದರೆ ಅಂಚಿಗೆ ತೆಳು ಬ್ಲೇಡ್ ಹಾಕಿ ಬಿಡಿಸಬೇಕು. ತುಂಡಾದ ಟೇಪನ್ನು ಸೆಲ್ಲೋಟೇಪಿನಲ್ಲಿ ಸೇರಿಸಬೇಡಿ, ಅದರ ಅಂಟು ಸೋರಿ ಪಕ್ಕದ ಸುತ್ತಿಗೂ ಹಿಡಿಯುತ್ತದೆ. ಟೇಪ್ ಜೋಡಿಸುವುದಕ್ಕೇ ಬೇರೆ ಅಂಟುಪಟ್ಟಿ ಸಿಗುತ್ತದೆ.

ತಾಳಮದ್ದಳೆ ರೆಕಾರ್ಡ್ ಮಾಡಿದವರು ಹೆಚ್ಚಾಗಿ 90 ನಿಮಿಷದ ಕ್ಯಾಸೆಟ್ ಬಳಸಿರುತ್ತಾರೆ. ತಿರುಗಿಸುವುದು ಕಡಿಮೆ, ಅರ್ಥ ತುಂಡಾಗುವುದು ಕಡಿಮೆ. ಆದರೆ ಅದರ ಟೇಪು 60ರದ್ದಕ್ಕಿಂತ ತೆಳ್ಳಗೆ, ಬೇಗ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಯಾವುದನ್ನೇ ಆಗಲಿ ಮೊದಲು ಈ ತುದಿಯಿಂದ ಆ ತುದಿಗೆ ಒಂದು ಸಲ ಓಡಿಸಿ, ವಾಪಸ್ ಸುತ್ತಿ, ಆಮೇಲೆ ಪ್ಲೇ ಮಾಡಿ. ವರ್ಷಗಟ್ಟಲೆ ಬಿಗಿಯಾಗಿ ಕೂತಿದ್ದ ಸುತ್ತು ಸಮ ಆಗುತ್ತದೆ. ಬಿಗಿ ಜಾಸ್ತಿ ಅನಿಸಿದರೆ ಯಂತ್ರ ಬೇಡ, ಆರು ಮೂಲೆಯ ಪೆನ್ಸಿಲ್ ಹಾಕಿ ಕೈಯಲ್ಲೇ ಸುತ್ತಿ.

ಆ ಒಂದು ಸ್ಕ್ರೂ

ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದು, ಮತ್ತು ಹೆಚ್ಚಿನವರು ಮಾಡದೇ ಬಿಡುವುದೂ ಇದನ್ನೇ.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ ಹೊರತಂದಿದ್ದು 1963ರಲ್ಲಿ. ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ಅದರಲ್ಲೇ ಎರಡು ಬದಿ. ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್, ಅಂದರೆ ತುಂಬ ನಿಧಾನ. ಇಷ್ಟು ಚಿಕ್ಕ ಜಾಗದಲ್ಲಿ ಸದ್ದು ಕೂರಬೇಕಾದ್ದರಿಂದ ಹೆಡ್ಡಿನ ಸೀಳು ಟೇಪಿಗೆ ಯಾವ ಕೋನದಲ್ಲಿ ನಿಂತಿದೆ ಅನ್ನುವುದು ಬಹಳ ಮುಖ್ಯ. ರೆಕಾರ್ಡ್ ಆದಾಗಿನ ಕೋನ ಒಂದು, ನಿಮ್ಮ ಪ್ಲೇಯರಿನ ಕೋನ ಇನ್ನೊಂದು ಆದರೆ ಮೇಲಿನ ಸ್ವರಗಳೆಲ್ಲ ಮಾಯ. ಕಂಬಳಿ ಹೊದೆಸಿದ ಹಾಗೆ ಕೇಳುತ್ತದೆ. ಜನ ಅದನ್ನು ಕೇಳಿ ಟೇಪು ಹಳೇದಾಗಿ ಹಾಳಾಗಿದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಟೇಪು ಚೆನ್ನಾಗೇ ಇರುತ್ತದೆ.

ಪ್ಲೇ ಒತ್ತಿದಾಗ ಹೆಡ್ ಮುಂದೆ ಬರುತ್ತದಲ್ಲ, ಅದರ ಎರಡು ಪಕ್ಕದಲ್ಲಿ ಎರಡು ಸ್ಕ್ರೂ ಇರುತ್ತವೆ. ಅದರಲ್ಲಿ ಸ್ಪ್ರಿಂಗ್ ಇರುವುದು ಕೋನದ ಸ್ಕ್ರೂ. ಕೆಲವು ಪ್ಲೇಯರಿನಲ್ಲಿ ಅದಕ್ಕೆ ಅಂತಲೇ ಮುಂದೆ ಒಂದು ತೂತು ಬಿಟ್ಟಿರುತ್ತಾರೆ, ಕೆಲವದರಲ್ಲಿ ಕ್ಯಾಸೆಟ್ ಬಾಗಿಲಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತರೆ ಸಿಗುತ್ತದೆ. ಮೊದಲು ಅದರ ಈಗಿನ ಸ್ಥಾನವನ್ನು ಮಾರ್ಕರಿನಲ್ಲಿ ಗುರುತು ಮಾಡಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ತುದಿಗೆ ಅಯಸ್ಕಾಂತ ಇರುವ ಸ್ಕ್ರೂಡ್ರೈವರ್ ಬೇಡ, ಹೆಡ್ಡಿನ ಹತ್ತಿರ ಅದು ಸುಳಿಯಲೇಬಾರದು. ಕ್ಯಾಸೆಟ್ ಓಡುತ್ತಿರುವಾಗ, ಹೆಡ್‌ಫೋನಿನಲ್ಲಿ ಕೇಳುತ್ತಾ, ಸ್ಕ್ರೂವನ್ನು ಒಂದು ಕೂದಲೆಳೆಯಷ್ಟು ಆ ಕಡೆ, ಒಂದು ಕೂದಲೆಳೆಯಷ್ಟು ಈ ಕಡೆ ತಿರುಗಿಸಿ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗುವುದೇ ಅಪರೂಪ. ಎಡ-ಬಲ ಎರಡನ್ನೂ ಸೇರಿಸಿ ಮೋನೋದಲ್ಲಿ ಕೇಳಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ.

ಏನನ್ನು ಕೇಳಬೇಕು? ಇಲ್ಲಿ ನಮ್ಮ ಹಿಮ್ಮೇಳ ಉಪಕಾರ ಮಾಡುತ್ತದೆ. ಭಾಗವತರ ತಾಳದ ಟಿಂಗ್, ಚಕ್ರತಾಳದ ಝಣ, ಚೆಂಡೆಯ ಹುರಿಕಟ್ಟಿದ ಏಟು ಇವೆಲ್ಲ ಮೇಲಿನ ಸ್ವರದಲ್ಲೇ ಇರುವುದು. ಪದ್ಯದ ಭಾಗ ಬರುವವರೆಗೆ ಓಡಿಸಿ, ತಾಳದ ಸದ್ದು ಅತಿ ಚೂಪಾಗಿ ಕೇಳುವ ಜಾಗದಲ್ಲಿ ಸ್ಕ್ರೂ ನಿಲ್ಲಿಸಿ. ಅರ್ಥದ ಭಾಗ ಮಾತ್ರ ಇದ್ದರೆ ಸ, ಶ, ಷ ಅಕ್ಷರಗಳನ್ನು ಹಿಡಿಯಿರಿ. ಮಂದವಾಗಿದ್ದ ಮಾತು ಇದ್ದಕ್ಕಿದ್ದಂತೆ ಬಿಡಿಬಿಡಿಯಾಗಿ ಕೇಳಿಬಿಟ್ಟರೆ ಅಲ್ಲೇ ಬಿಡಿ.

ಒಂದೇ ಮಷಿನ್ನಿನಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳಿಗೆ ಒಂದೇ ಕೋನ ಆಗಿಬರುತ್ತದೆ. ಹಾಗಾಗಿ ಮಾವ ಮಾಡಿದ್ದು, ಪಕ್ಕದ ಮನೆಯವರಿಂದ ತಂದಿದ್ದು, ಅಂಗಡಿಯದ್ದು ಅಂತ ಮೊದಲೇ ಗುಂಪು ಮಾಡಿಕೊಂಡರೆ ಪ್ರತಿ ಸಲ ತಿರುಗಿಸುವ ಕೆಲಸ ಇಲ್ಲ.

ಡೆಕ್ಕಿನಲ್ಲಿ ಸರ್ ಸದ್ದು ತಗ್ಗಿಸುವ ಡಾಲ್ಬಿ ಬಟನ್ ಇದ್ದರೆ ಆಫ್ ಮಾಡಿ. ಟೂ ಇನ್ ಒನ್ನಿನಲ್ಲಿ ಮಾಡಿದ ರೆಕಾರ್ಡಿಂಗಿಗೆ ಡಾಲ್ಬಿ ಹಾಕಿರುವುದಿಲ್ಲ, ಈಗ ಹಾಕಿದರೆ ಚೂಪು ಹೋಗುತ್ತದೆ. ಟೇಪಿನ ಜಾತಿ ಆರಿಸುವ ಸ್ವಿಚ್ ನಾರ್ಮಲ್ ಅಂತಲೇ ಇರಲಿ, ಕ್ಯಾಸೆಟ್ ಮೇಲೆ ಕ್ರೋಮ್ ಅಂತ ಬರೆದಿದ್ದರೆ ಮಾತ್ರ ಬದಲಿಸಿ.

ವೈರು ಮತ್ತು ಲೆವೆಲ್

ಈಗಿನ ಲ್ಯಾಪ್‌ಟಾಪಿನಲ್ಲಿ ಇರುವ ಒಂದೇ ಸಾಕೆಟ್ ಹೆಡ್‌ಸೆಟ್ಟಿಗೆ ಮಾಡಿದ್ದು. ಅದರ ಒಳಬರುವ ದಾರಿ ಮೈಕಿಗೆ, ಅದೂ ಮೋನೋ. ಡೆಕ್ಕಿನ ಔಟನ್ನು ಅದಕ್ಕೆ ಚುಚ್ಚಿದರೆ ಒಡೆದ ಸದ್ದು ಬರುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು ಬೇಕೇ ಬೇಕು. ಯಾವ ಬ್ರ್ಯಾಂಡ್ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕ್ಯಾಸೆಟ್ಟಿನ ಸ್ವಂತ ಸರ್ ಸದ್ದು ಯಾವ ಸಾಧಾರಣ ಕಾರ್ಡಿನ ಗದ್ದಲಕ್ಕಿಂತಲೂ ಜೋರು. ಕೆಂಪು-ಬಿಳಿ ಸಾಕೆಟ್ ಇದೆಯಾ, ಸ್ಟೀರಿಯೋ ತೆಗೆದುಕೊಳ್ಳುತ್ತದಾ, ಅಷ್ಟು ನೋಡಿ ಸಾಕು.

ಸಾಫ್ಟ್‌ವೇರಿಗೆ ಆಡಾಸಿಟಿ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, 2000ದಿಂದ ಜನರ ಕೈಯಲ್ಲಿದೆ. ಇನ್ನೂ ಒಳ್ಳೇದು ಇರಬಹುದು, ಹುಡುಕಬೇಡಿ. ರೆಕಾರ್ಡಿಂಗ್ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್, ಸ್ಟೀರಿಯೋ ಇರಲಿ. ಅದಕ್ಕಿಂತ ಮೇಲೆ ಹೋದರೆ ಕ್ಯಾಸೆಟ್ಟಿನಲ್ಲಿ ಇಲ್ಲದ್ದನ್ನು ಹಿಡಿಯಲು ಡಿಸ್ಕ್ ತುಂಬಿಸಿದ ಹಾಗೆ. ಈ ಲೆಕ್ಕದಲ್ಲಿ ಗಂಟೆಗೆ ಸುಮಾರು 1 ಜಿಬಿ, 90 ನಿಮಿಷದ ಕ್ಯಾಸೆಟ್ಟಿಗೆ ಒಂದೂವರೆ. 1 ಟಿಬಿ ಡಿಸ್ಕಿನಲ್ಲಿ ಅಂಥ ಆರುನೂರಕ್ಕೂ ಹೆಚ್ಚು ಹಿಡಿಯುತ್ತವೆ, ಜಾಗದ ಚಿಂತೆ ಬಿಡಿ. ಮೋನೋ ರೆಕಾರ್ಡಿಂಗ್ ಆದರೂ ಸ್ಟೀರಿಯೋದಲ್ಲೇ ತೆಗೆದುಕೊಳ್ಳಿ. ಟೇಪಿನ ಒಂದು ಅಂಚು ಸವೆದಿದ್ದರೆ ಇನ್ನೊಂದು ಕಡೆಯದ್ದು ಚೆನ್ನಾಗಿರುತ್ತದೆ, ಆಮೇಲೆ ಆರಿಸಿಕೊಳ್ಳಬಹುದು.

ಲೆವೆಲ್ ಇಡುವಾಗ ಅರ್ಥದ ಭಾಗ ಕೇಳಿಕೊಂಡು ಇಡಬೇಡಿ. ಮಾತು ಮೆಲ್ಲಗಿರುತ್ತದೆ, ಆಮೇಲೆ ಯುದ್ಧದ ಪದ್ಯಕ್ಕೆ ಚೆಂಡೆ ಬಿದ್ದ ತಕ್ಷಣ ಮೀಟರ್ ಕೆಂಪಾಗುತ್ತದೆ. ಮೊದಲು ಅಂಥ ಜಾಗ ಹುಡುಕಿ, ಅಲ್ಲಿ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಟ್ಟು, ವಾಪಸ್ ಸುತ್ತಿ ಶುರು ಮಾಡಿ. ಮೆಲ್ಲಗೆ ಬಂದಿದ್ದನ್ನು ಏರಿಸಬಹುದು, ಒಡೆದಿದ್ದನ್ನು ಕೂಡಿಸಲಾಗುವುದಿಲ್ಲ.

ಗುಂಯ್ ಅಂತ ಸದ್ದು ಬರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ, ಬ್ಯಾಟರಿಯಲ್ಲಿ ಓಡಿಸಿ. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಆಫೀಸಿನ ಲ್ಯಾಪ್‌ಟಾಪ್ ಮಾತ್ರ ಬೇಡ. ಮಧ್ಯದಲ್ಲಿ ಅಪ್‌ಡೇಟ್ ಬಂದು ತಾನೇ ರೀಸ್ಟಾರ್ಟ್ ಆಗುವುದು ಒಂದು ಕಾರಣ. ಮೂಲೆಯಲ್ಲಿ ಆಫೀಸಿನ ಮೆಸೇಜ್ ಮಿನುಗಿದರೆ ನಿಮ್ಮ ಕಿವಿ ಕ್ಯಾಸೆಟ್ಟಿನಲ್ಲಿ ಉಳಿಯುವುದಿಲ್ಲ ಅನ್ನುವುದು ಇನ್ನೊಂದು.

ಓಡುತ್ತಿರುವಾಗ ಏನು ಮಾಡೋದು

ಕೇಳಬೇಕು. 45 ನಿಮಿಷದ ಬದಿಗೆ 45 ನಿಮಿಷವೇ ಬೇಕು. ಇದನ್ನು ವೇಗ ಮಾಡಲು ಆಗುವುದಿಲ್ಲ, ಮತ್ತು ನಮ್ಮ ಕಸುಬಿನವರಿಗೆ ಸಹಿಸಲು ಕಷ್ಟ ಆಗುವುದೂ ಅದೇ. ನಾಲ್ಕು ಡೆಕ್ ಜೋಡಿಸಿ ಒಟ್ಟಿಗೆ ಓಡಿಸೋಣ, ಸ್ಕ್ರಿಪ್ಟ್ ಬರೆಯೋಣ, ವಾರಕ್ಕೆ ಇಷ್ಟು ಅಂತ ಪಟ್ಟಿ ಹಾಕೋಣ ಅನಿಸುತ್ತದೆ. ಹಗಲಿಡೀ ಮಾಡಿದ್ದು ಅದೇ ಅಲ್ವಾ? ಸಂಜೆಗೂ ಟಾರ್ಗೆಟ್ ಯಾಕೆ? ಒಂದು ಸಂಜೆಗೆ ಒಂದು ಬದಿ ಸಾಕು. ಆಫೀಸಿನಿಂದ ತರಬೇಕಾದ್ದು ಬೇರೆ ಇದೆ: ಫೈಲಿಗೆ ಸರಿಯಾದ ಹೆಸರಿಡುವ ಅಭ್ಯಾಸ, ಬ್ಯಾಕಪ್, ಏನು ಮಾಡಿದೆ ಅಂತ ಬರೆದಿಡುವುದು. ಅಷ್ಟು ತಂದು ಉಳಿದದ್ದನ್ನು ಅಲ್ಲೇ ಬಿಡಿ.

ಕೇಳುತ್ತಾ ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಆಡಾಸಿಟಿ ಆ ಕ್ಷಣಕ್ಕೆ ಒಂದು ಲೇಬಲ್ ಹಾಕುತ್ತದೆ. ಪದ್ಯ ಶುರುವಾದಾಗ ಮೊದಲ ಸಾಲು, ಹೊಸ ಪಾತ್ರ ಮಾತು ತೆಗೆದಾಗ ಪಾತ್ರದ ಹೆಸರು, ಅನುಮಾನ ಇದ್ದ ಕಡೆ ಬರೀ ಪ್ರಶ್ನೆ ಚಿಹ್ನೆ. ಕನ್ನಡದಲ್ಲೇ ಟೈಪ್ ಮಾಡಿ, ತೊಂದರೆ ಇಲ್ಲ. ಮುಂದೆ ಈ ಲೇಬಲ್ಲುಗಳನ್ನೇ ಹಿಡಿದು ಪ್ರತಿ ಪದ್ಯವನ್ನು ಬೇರೆ ಫೈಲ್ ಮಾಡಿಕೊಳ್ಳಬಹುದು.

ಧ್ವನಿ ಯಾರದ್ದು ಅಂತ ಗೊತ್ತಾಗದಿದ್ದರೆ ಮನೆಯ ಹಿರಿಯರನ್ನು ಕರೆದು ಕೂರಿಸಿ. ಎರಡು ವಾಕ್ಯ ಕೇಳುತ್ತಲೇ ಹೇಳಿಬಿಡುತ್ತಾರೆ, ಜೊತೆಗೆ ಆ ಕೂಟ ಯಾರ ಮನೆಯದ್ದು, ಯಾಕೆ ನಡೆದಿತ್ತು, ಮದ್ದಳೆಗೆ ಕೂತವರು ಯಾರು, ಎಲ್ಲ. ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಆ ಕ್ಯಾಸೆಟ್ಟಿನ ಫೋಲ್ಡರಿಗೇ ಹಾಕಿಡಿ. ಲೇಬಲ್ಲಿನ ಮೇಲೆ ಬರೆದಿದ್ದನ್ನು ಪೂರ್ತಿ ನಂಬಬೇಡಿ. ಒಂದೇ ಕ್ಯಾಸೆಟ್ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡುವುದು ಆಗ ಮಾಮೂಲಿಯಾಗಿತ್ತು, ಒಂದು ಪ್ರಸಂಗ ಮುಗಿದ ಮೇಲೆ ಇನ್ನೊಂದರ ಬಾಲ ಉಳಿದಿರುತ್ತದೆ. ಬದಿ ಮುಗಿಯಿತು ಅಂತ ಅನಿಸಿದರೂ ಟೇಪು ಖಾಲಿಯಾಗುವವರೆಗೆ ಓಡಲಿ.

ವೇಗ ಸರಿ ಇದೆಯಾ

ಬಯಲಿನಲ್ಲಿ ರೆಕಾರ್ಡ್ ಮಾಡಿದವರು ಎಷ್ಟೋ ಸಲ ಸೆಲ್ಲಿನ ಮೇಲೆ ಓಡಿಸಿರುತ್ತಾರೆ. ಸೆಲ್ ಇಳಿಯುತ್ತಾ ಬಂದಂತೆ ಮೋಟರ್ ನಿಧಾನ ಆಗುತ್ತದೆ, ಟೇಪು ನಿಧಾನ ಓಡುತ್ತದೆ. ಈಗ ಅದನ್ನು ಸರಿಯಾದ ವೇಗದಲ್ಲಿ ಆಡಿಸಿದರೆ ಧ್ವನಿ ಏರಿದ ಹಾಗೆ, ಮಾತು ಓಡಿದ ಹಾಗೆ ಕೇಳುತ್ತದೆ. ಗುರುತಿಸುವುದು ಹೇಗೆ? ಹಾರ್ಮೋನಿಯಂ ಶ್ರುತಿಯನ್ನು ಹಿಡಿಯಿರಿ. ಒಂದೇ ಬದಿಯಲ್ಲಿ ಅದು ಮೆಲ್ಲನೆ ಮೇಲೇರುತ್ತಾ ಹೋದರೆ ಸೆಲ್ಲಿನ ಆಟ, ಯಾಕೆ ಅಂದರೆ ಹಾರ್ಮೋನಿಯಂ ತಾನಾಗಿ ಜಾರುವುದಿಲ್ಲ. ಥಟ್ಟನೆ ಬದಲಾದರೆ ಭಾಗವತರು ಬದಲಾಗಿರಬಹುದು, ಅಥವಾ ಅವರೇ ಶ್ರುತಿ ಏರಿಸಿರಬಹುದು.

ಇನ್ನೊಂದು ಉಪಾಯ ಟೆಕ್ ಹುಚ್ಚಿನವರಿಗೆ ಹಿಡಿಸುವಂಥದ್ದು. ಕರೆಂಟಿನಲ್ಲಿ ಓಡಿದ ಆಂಪ್ಲಿಫೈಯರಿನ ಗುಂಯ್ ಸದ್ದು ರೆಕಾರ್ಡಿಂಗಿನ ತಳದಲ್ಲಿ ಕೂತಿರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಆಡಾಸಿಟಿಯಲ್ಲಿ ಮಾತಿಲ್ಲದ ಒಂದು ತುಂಡು ಆರಿಸಿ ಸ್ಪೆಕ್ಟ್ರಂ (ಯಾವ ಹರ್ಟ್ಜಿನಲ್ಲಿ ಎಷ್ಟು ಸದ್ದಿದೆ ಅನ್ನುವ ನಕ್ಷೆ) ತೆಗೆದು ನೋಡಿ. ಗುಡ್ಡೆ 51.5ರ ಹತ್ತಿರ ಎದ್ದಿದ್ದರೆ ಟೇಪು ಸುಮಾರು ನೂರಕ್ಕೆ ಮೂರು ವೇಗವಾಗಿದೆ ಅಂತ, ಅಂದರೆ ಅರ್ಧ ಸ್ವರಸ್ಥಾನದಷ್ಟು ಏರು. ಸರಿಯಾಗಿ 50ರಲ್ಲೇ ಇದ್ದರೆ ಮೊದಲು ಕ್ಯಾಸೆಟ್ ನಿಲ್ಲಿಸಿ ನೋಡಿ, ನಿಂತ ಮೇಲೂ ಅದು ಇದ್ದರೆ ನಿಮ್ಮ ಮನೆಯ ಇವತ್ತಿನ ಕರೆಂಟಿನದ್ದು. ಜನರೇಟರ್ ಮೇಲೆ ನಡೆದ ಕೂಟಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಆಗಿನ ಲೈನ್ ಕರೆಂಟೂ ಯಾವಾಗಲೂ ಸರಿಯಾಗಿ 50 ಇರುತ್ತಿರಲಿಲ್ಲ. ಹಾಗಾಗಿ ಇದನ್ನು ಸುಳಿವು ಅಂತ ಇಟ್ಟುಕೊಳ್ಳಿ, ಕೊನೆಯ ಮಾತು ಆ ಭಾಗವತರನ್ನು ಎದುರು ಕೂತು ಕೇಳಿದವರದ್ದು.

ವೇಗ ಬದಲಿಸುವುದಾದರೆ ಪ್ರತಿಯಲ್ಲಿ ಮಾಡಿ. ಮೂಲ ಫೈಲನ್ನು ಮುಟ್ಟಬೇಡಿ.

ಸರ್ ಸದ್ದು ತೆಗೆಯುವ ಆಸೆ

ಎಲ್ಲರೂ ಕಾಯುತ್ತಿರುವ ಬಟನ್ ಇದು. ನಾಯ್ಸ್ ರಿಡಕ್ಷನ್. ಒಂದು ಸಲ ಒತ್ತಿದರೆ ಸರ್ ಸದ್ದು ಹೋಗಿ ಆಹಾ ಅನಿಸುತ್ತದೆ, ಇನ್ನೊಂದು ಸಲ ಜೋರು ಮಾಡೋಣ ಅನಿಸುತ್ತದೆ, ಹಾಗೆ ಮಾಡಿದ ಮೇಲೆ ತಾಳದ ಟಿಂಗ್ ಇರಬೇಕಾದ ಜಾಗದಲ್ಲಿ ಗುಳುಗುಳು ಅಂತ ನೀರಿನ ಸದ್ದು. ಸ್ಕ್ರೂ ತಿರುಗಿಸಿ ಕಷ್ಟಪಟ್ಟು ಹಿಡಿದಿದ್ದು ಇದೇ ಟಿಂಗನ್ನು. ನನ್ನ ಲೆಕ್ಕ: 6 ಡೆಸಿಬೆಲ್ ಮೇಲೆ ಹೋಗಬೇಡಿ, ಅದೂ ಕೇಳುವ ಪ್ರತಿಗೆ ಮಾತ್ರ. ಕಿವಿ ಐದು ನಿಮಿಷದಲ್ಲಿ ಸರ್ ಸದ್ದಿಗೆ ಒಗ್ಗಿಕೊಳ್ಳುತ್ತದೆ. ಗುಳುಗುಳುವಿಗೆ ಒಗ್ಗುವುದೇ ಇಲ್ಲ.

ಪ್ರೇಕ್ಷಕರ ಕೆಮ್ಮು, ಮಗುವಿನ ಅಳು, ದೂರದ ಬಸ್ಸಿನ ಹಾರ್ನ್ ಇವನ್ನೆಲ್ಲ ಕತ್ತರಿಸಿ ಶುದ್ಧ ಮಾಡುವವರಿದ್ದಾರೆ. ನಾನು ಬಿಡುತ್ತೇನೆ. ಅರ್ಥಧಾರಿ ಒಂದು ಮಾತಿಗೆ ನಿಲ್ಲಿಸಿದ್ದು ಸಭೆ ನಕ್ಕಿತು ಅಂತ. ಆ ನಗು ಕತ್ತರಿಸಿದರೆ ಆ ನಿಲುಗಡೆ ಯಾಕೆ ಅಂತಲೇ ತಿಳಿಯುವುದಿಲ್ಲ.

ಎಐ ಟೂಲುಗಳ ಬಗ್ಗೆ ಕೇಳುತ್ತಾರೆ. ಮಾತು ಬೇರೆ, ವಾದ್ಯ ಬೇರೆ ಮಾಡಿಕೊಡುವಂಥವು ಈಗ ಉಚಿತವಾಗೇ ಸಿಗುತ್ತವೆ, ಪದ್ಯದಲ್ಲಿ ಅಕ್ಷರ ಅರ್ಥವಾಗದ ಕಡೆ ಹಾಕಿ ಕೇಳಲು ನಿಜಕ್ಕೂ ಉಪಯೋಗ. ಆದರೆ ಸದ್ದನ್ನು ಚಂದ ಮಾಡಿಕೊಡುವ ಟೂಲುಗಳು ಇಲ್ಲದ್ದನ್ನೂ ಊಹಿಸಿ ತುಂಬಿಸುತ್ತವೆ. ಹಾಗೆ ಬಂದಿದ್ದನ್ನು ಆ ಕಲಾವಿದರ ಧ್ವನಿ ಅಂತ ಕರೆಯಲು ನನಗೆ ಮನಸ್ಸಿಲ್ಲ. ಮಾತನ್ನು ಬರಹ ಮಾಡುವ ಟೂಲ್ ಒಂದಕ್ಕೆ ಅರ್ಥದ ತುಂಡು ಹಾಕಿ ನೋಡಿದ್ದೆ. ಸಭೆಯ ಗಲಾಟೆ, ಉದ್ದ ಸಮಾಸ, ನಡುವೆ ಸಂಸ್ಕೃತ ಶ್ಲೋಕ ಬಂದ ಕೂಡಲೇ ಅದು ತನ್ನದೇ ಪ್ರಸಂಗ ಹೇಳಲು ಶುರು ಮಾಡಿತು. ಕರಡು ಅಂತ ಇಟ್ಟುಕೊಂಡು ಕೈಯಲ್ಲಿ ತಿದ್ದುವ ತಾಳ್ಮೆ ಇದ್ದರೆ ಬಳಸಿ.

ಫೈಲು, ಹೆಸರು, ಬ್ಯಾಕಪ್

ಆಡಾಸಿಟಿಯ ಪ್ರಾಜೆಕ್ಟ್ ಫೈಲನ್ನೇ ಇಟ್ಟುಕೊಂಡು ಕೂರಬೇಡಿ, ಅದು ಆಡಾಸಿಟಿಗೆ ಮಾತ್ರ ಅರ್ಥವಾಗುವಂಥದ್ದು. ಒಂದು ಬದಿ ಮುಗಿದ ತಕ್ಷಣ ಏನೂ ತಿದ್ದದೆ, ಕತ್ತರಿಸದೆ, ವೇವ್ ಅಥವಾ ಫ್ಲ್ಯಾಕ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಅದು ಮೂಲ. ಫ್ಲ್ಯಾಕ್ ಆದರೆ ಜಾಗ ಕಡಿಮೆ, ಸದ್ದಿನಲ್ಲಿ ಒಂದಿಷ್ಟೂ ನಷ್ಟ ಇಲ್ಲ. ಮೊಬೈಲಿಗೆ, ಕಾರಿಗೆ, ವಾಟ್ಸಾಪಿಗೆ ಎಂಪಿ3 ಬೇರೆ ಮಾಡಿಕೊಳ್ಳಿ. 128 ಕೆಬಿಪಿಎಸ್ ಇಟ್ಟರೆ 45 ನಿಮಿಷದ ಬದಿ ಸುಮಾರು 43 ಎಂಬಿ ಆಗುತ್ತದೆ. ಇಲ್ಲಿ ಸ್ಕ್ರಿಪ್ಟ್ ಬರೆಯಿರಿ, ಬೇಡ ಅನ್ನುವುದಿಲ್ಲ. ಎಫ್ಎಫ್ಎಂಪೆಗ್ ಅನ್ನುವ ಉಚಿತ ಟೂಲ್ ಇಡೀ ಫೋಲ್ಡರನ್ನು ರಾತ್ರಿ ಬೆಳಗಾಗುವುದರೊಳಗೆ ಎಂಪಿ3 ಮಾಡಿ ಇಡುತ್ತದೆ.

ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ಊರು, ಪ್ರಸಂಗ, ಕ್ಯಾಸೆಟ್ ಸಂಖ್ಯೆ, ಬದಿ. 1986-ಶಿರಸಿ-ಕರ್ಣಪರ್ವ-03-ಎ, ಹೀಗೆ. ವರ್ಷ ಗೊತ್ತಿಲ್ಲದಿದ್ದರೆ 198x ಅನ್ನುವ ಬದಲು 1980ರ-ದಶಕ ಅಂತ ಬರೆಯಿರಿ, ಊಹೆಯ ವರ್ಷ ಹಾಕಬೇಡಿ. ಒಮ್ಮೆ ಫೈಲಿನ ಹೆಸರಿಗೆ ಸೇರಿದ ಊಹೆ ಮುಂದೆ ಇತಿಹಾಸ ಆಗಿಬಿಡುತ್ತದೆ. ಕನ್ನಡ ಹೆಸರು ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುತ್ತದೆ, ಹಳೇ ಕಾರ್ ಸ್ಟೀರಿಯೋ ಮಾತ್ರ ಚೌಕ ಚೌಕ ತೋರಿಸುತ್ತದೆ. ಹಾಗೇ ಕ್ಯಾಸೆಟ್ಟಿನ ಎರಡೂ ಬದಿ, ಒಳಗಿನ ಚೀಟಿ ಎಲ್ಲದರ ಫೋಟೋ ತೆಗೆದು ಅದೇ ಫೋಲ್ಡರಿಗೆ. ಮಾವನ ಕೈಬರಹದಲ್ಲಿ ಭಾಗವತರ ಹೆಸರು, ತಾರೀಕು, ಎಷ್ಟೋ ಸಲ ಕೂಟಕ್ಕೆ ಎಷ್ಟು ಖರ್ಚಾಯಿತು ಅನ್ನುವ ಲೆಕ್ಕವೂ ಇರುತ್ತದೆ.

ಬ್ಯಾಕಪ್ಪಿಗೆ ಎಲ್ಲರಿಗೂ ಗೊತ್ತಿರುವ ಲೆಕ್ಕವೇ: ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಮನೆಯ ಹೊರಗೆ. ಪೆನ್‌ಡ್ರೈವ್ ಹಂಚುವುದಕ್ಕೆ ಸರಿ, ಕಾಪಾಡುವುದಕ್ಕಲ್ಲ. ಒಂದು ಹಾರ್ಡ್ ಡಿಸ್ಕನ್ನು ಬೇರೆ ಊರಿನ ತಮ್ಮನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಚುಚ್ಚಿ, ಒಂದೆರಡು ಫೈಲು ಆಡಿಸಿ ನೋಡಿ.

ಹಂಚುವ ಮೊದಲು

ಯೂಟ್ಯೂಬಿಗೆ ಹಾಕುವ ಆಸೆ ಆಗುತ್ತದೆ. ಅಂಗಡಿಯ ಕ್ಯಾಸೆಟ್ ಆದರೆ ಹಕ್ಕು ಕಂಪನಿಯದ್ದು. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ, ಅಂದರೆ ಎಂಬತ್ತರ ದಶಕದ ಯಾವುದೂ ಇನ್ನೂ ಮುಕ್ತ ಅಲ್ಲ. ಮನೆಯಲ್ಲಿ ರೆಕಾರ್ಡ್ ಮಾಡಿದ್ದರಲ್ಲೂ ಹಾಡಿದವರ, ಮಾತಾಡಿದವರ ಹಕ್ಕಿನ ಪ್ರಶ್ನೆ ಇದೆ. ಕಲಾವಿದರು ಇದ್ದರೆ ಅವರನ್ನು, ಇಲ್ಲದಿದ್ದರೆ ಅವರ ಮನೆಯವರನ್ನು ಕೇಳಿ. ಕೇಳಲು ಹೋದಾಗ ಕೈಯಲ್ಲಿ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇರಲಿ, ಅವರ ಹತ್ತಿರ ಅದು ಇಲ್ಲದೇ ಇರುವ ಸಾಧ್ಯತೆಯೇ ಜಾಸ್ತಿ. ಕೆಲವು ಕೂಟಗಳಲ್ಲಿ ವಾದ ಬಿಸಿಯಾಗಿ ಎದುರಿನವರಿಗೆ ಚುಚ್ಚಿದ ಮಾತು ಇರುತ್ತದೆ, ಅಂಥದ್ದನ್ನು ಊರಿಗೆಲ್ಲ ಕೇಳಿಸಬೇಕಾ ಅಂತಲೂ ಯೋಚಿಸಿ.

ಇಳಿಸಿ ಆದಮೇಲೆ ಕ್ಯಾಸೆಟ್ ಎಸೆಯಬೇಡಿ. ಮುಂದೆ ಇದಕ್ಕಿಂತ ಒಳ್ಳೆಯ ಡೆಕ್ ಸಿಗಬಹುದು, ಕೋನ ಇನ್ನೂ ಸರಿಯಾಗಿ ಕೂರಬಹುದು. ಪೂರ್ತಿ ಒಂದು ಕಡೆಗೆ ಸುತ್ತಿ, ಡಬ್ಬಿಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ, ಸ್ಪೀಕರ್ ಪಕ್ಕ ಇಡದೆ ಒಣಗಿದ ಕಪಾಟಿನಲ್ಲಿಡಿ. ಮಳೆಗಾಲಕ್ಕೆ ಮೊದಲು ಪೊಟ್ಟಣ ಬದಲಿಸಿ.